ಕೈಯಲ್ಲಿ ಬಿಗಿದ ನಟ್ಟು

ಹೇಮಾಕ್ಷಿ ಗಂಡನ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಬಿಳಿ ಬಟ್ಟೆಯ ಚೂರಿನಿಂದ ಕಟ್ಟುತ್ತಿದ್ದಳು. ಗಂಟು ಅರ್ಧಕ್ಕೆ ಬಂದಾಗ ಕಣ್ಣು ಕಿಟಕಿಯಾಚೆ ಹೋಯಿತು. ಅಂಗಳದ ಆಚೆ ಬದಿಯಲ್ಲಿದ್ದ ಗಂಡನ ಗ್ಯಾರೇಜಿನೊಳಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ರಿಪೇರಿಗೆ ಬಂದಿದ್ದ ಸುಜಿತನ ಮೂರು ಗಾಲಿಯ ಗಾಡಿ ಅಲ್ಲಿರಲಿಲ್ಲ.

"ಗಾಡಿ ಎಲ್ಲಿ?" ಎಂದಳು.

ಬಂದ ಹೆಂಗಸರೆಲ್ಲ ಅವಳೊಮ್ಮೆ ಅತ್ತುಬಿಡಲಿ ಎಂದು ಬೆಳಗ್ಗಿನಿಂದ ಕಾಯುತ್ತಿದ್ದರು. ಅಳುವಿನ ಬದಲು ಗಾಡಿಯ ವಿಚಾರ ಬಂದದ್ದು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಉತ್ತರ ಕೊಟ್ಟದ್ದು ನೆರೆಮನೆಯ ಸರ್ವೋತ್ತಮ. ಕುಲಶೇಖರದ ಆ ಓಣಿಯಲ್ಲಿ ಯಾರು ಸತ್ತರೂ ಉಸ್ತುವಾರಿ ಅವನದೇ. ಯಾರೂ ವಹಿಸಿಕೊಟ್ಟದ್ದಲ್ಲ, ಅವನೇ ವಹಿಸಿಕೊಂಡದ್ದು. ಜನರಿಗೆ ಕೂರಲು ಜಾಗ ಇರಲಿಲ್ಲವಂತೆ, ಹೆಣ ನೋಡಲು ಬಂದ ಸುಜಿತನ ಕಿವಿಯಲ್ಲಿ ಗಾಡಿ ತೆಗೆಯಲು ಇವನೇ ಮೆಲ್ಲ ಹೇಳಿದನಂತೆ. ಸುಜಿತ್ ಪಿಕಪ್ ತರಿಸಿ, ಸದ್ದಿಲ್ಲದೆ ಗಾಡಿಯನ್ನು ಏರಿಸಿಕೊಂಡು ವಾಮಂಜೂರಿಗೆ ಹೋದನಂತೆ.

"ಒಳ್ಳೆ ಜನ ಅಕ್ಕ. ಸಾವಿನ ಮನೆಯಲ್ಲಿ ಕೇಳ್ಬಾರ್ದು ಅಂತ, ಗಾಡಿ ಸರಿ ಆಯ್ತಾ ಅಂತ ಒಂದು ಮಾತು ಕೇಳ್ಲಿಲ್ಲ," ಎಂದ ಸರ್ವೋತ್ತಮ.

ಹೇಮಾಕ್ಷಿಯ ಕೈಯಿಂದ ಬಟ್ಟೆಯ ತುದಿ ಜಾರಿತು. "ಅದರ ಹ್ಯಾಂಡಲಿನ ನಟ್ಟು ಬಿಗಿ ಮಾಡ್ಲಿಲ್ಲ," ಎಂದಳು. "ಇವರು ಕೈಯಲ್ಲಿ ತಿರುಗಿಸಿ ಇಟ್ಟದ್ದು ಮಾತ್ರ."

*

ಹೇಮಾಕ್ಷಿಯ ಗಂಡ ಬೂಬ ಹೆದರುಪುಕ್ಕಲ ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಬಂದರಿನಿಂದ ಬೆಂಗ್ರೆಗೆ ಹೋಗುವ ದೋಣಿಯಲ್ಲಿ ಕಣ್ಣು ಮುಚ್ಚಿ ಕೂರುವವನು. ರಸ್ತೆ ದಾಟುವಾಗ ಹೆಂಡತಿಯ ಕೈ ಹಿಡಿಯುತ್ತಿದ್ದ. ಮದುವೆಯಾದ ಹೊಸತರಲ್ಲಿ ಅದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು, ಆಮೇಲೆ ವಿಷಯ ತಿಳಿಯಿತು. ರಿಕ್ಷಾದವರು ಅವನನ್ನು ಸಾಕುಬೇಕಾಗುವಷ್ಟು ತಮಾಷೆ ಮಾಡುತ್ತಿದ್ದರು. ಆದರೆ ಹ್ಯಾಂಡಲ್ ಕಟಕಟ ಎಂದರೆ, ಗಾಡಿ ಒಂದು ಬದಿಗೆ ಎಳೆದರೆ, ಅವನ ಗ್ಯಾರೇಜು ಬಿಟ್ಟು ಬೇರೆ ಕಡೆ ಹೋಗುತ್ತಿರಲಿಲ್ಲ.

ಸುಜಿತನದು ರಿಕ್ಷಾ ಅಲ್ಲ. ಅವನ ತಂದೆ ಚಿತ್ತರಂಜನರಿಗೆ ಮಸ್ಕತ್ತಿನಲ್ಲಿ ಹೋಟೆಲು ಇತ್ತು. ಅದನ್ನು ಮುಚ್ಚಿ ಬರುವಾಗ ಮನೆಸಾಮಾನಿನ ಜೊತೆ ಮರಳುಗಾಡಿನಲ್ಲಿ ಓಡಿಸುವ ಈ ಗಾಡಿಯನ್ನೂ ತಂದಿದ್ದರು. ಬೈಕಿನಂಥ ಹ್ಯಾಂಡಲ್, ಊದಿಕೊಂಡ ಮೂರು ದಪ್ಪ ಟೈರು, ನಂಬರ್ ಪ್ಲೇಟಿಲ್ಲ. ಸುಜಿತ್ ಅದನ್ನು ವಾಮಂಜೂರಿನ ತಮ್ಮ ಗುಡ್ಡದ ಇಳಿಜಾರಿನಲ್ಲಿ ಓಡಿಸುತ್ತಿದ್ದ, ಮಗಳು ಮನ್ವಿತಾಳನ್ನು ಮುಂದೆ ಕೂರಿಸಿಕೊಂಡು. ಇಳಿಜಾರಿನ ಬುಡದಲ್ಲಿ ಕೆಂಪುಕಲ್ಲು ತೆಗೆದು ಬಿಟ್ಟ ಕೋರೆ, ಅದರ ತುಂಬ ನೀರು.

ನಿನ್ನೆ ಸಂಜೆ ಗಂಡ ಹೆಂಡತಿ ಸೇರಿ ಅದರ ಹ್ಯಾಂಡಲಿನ ಕೆಳಗಿನ ಬೇರಿಂಗ್ ಬದಲಿಸಿದ್ದರು. ಬೇರಿಂಗಿನ ಗುಂಡುಗಳು ಉರುಳುವ ಹಳೆಯ ಬಟ್ಟಲುಗಳು ಸವೆದು ಗುಂಡಿ ಬಿದ್ದಿದ್ದವು. ಬೂಬ ಅವನ್ನು ತಟ್ಟಿ ತೆಗೆದ. ಹೊಸ ಬಟ್ಟಲು ಸುಲಭದಲ್ಲಿ ಕೂರಲಿ ಎಂದು ಮಧ್ಯಾಹ್ನವೇ ಫ್ರೀಜರಿನಲ್ಲಿ ಬಂಗುಡೆ ಮೀನಿನ ಪಕ್ಕ ಇಟ್ಟು ಕುಗ್ಗಿಸಿದ್ದರು. ಗ್ರೀಸಿನಲ್ಲಿ ಗುಂಡುಗಳನ್ನು ಅಂಟಿಸಿ ಕೂರಿಸುವುದು ಯಾವಾಗಲೂ ಹೇಮಾಕ್ಷಿಯ ಕೆಲಸ. ಬೂಬನ ಬೆರಳು ನಡುಗುತ್ತಿತ್ತು. ಆಮೇಲೆ ಅವನು ನಟ್ಟನ್ನು ಕೈಯಲ್ಲೇ ತಿರುಗಿಸಿ, ಚಕ್ರ, ಹ್ಯಾಂಡಲ್ ಎಲ್ಲ ಜೋಡಿಸಿದ. ನೋಡಿದವರಿಗೆ ಕೆಲಸ ಮುಗಿದಂತೆಯೇ. ಆದರೆ ರಾತ್ರಿಯಿಡೀ ಗಾಡಿಯ ಭಾರ ಬಟ್ಟಲಿನ ಮೇಲೆ ಕೂತು, ಬೆಳಿಗ್ಗೆ ಸ್ಪ್ಯಾನರಿನಿಂದ ಬಿಗಿದ ಮೇಲೆಯೇ ಅವನ ಲೆಕ್ಕದಲ್ಲಿ ಅದು ಮುಗಿಯುವುದು.

"ಈಗಲೇ ಬಿಗಿ ಮಾಡಿ ಬಿಡಿ. ಸುಜಿತ್ ಬೇಗ ಬಂದು ತಗೊಂಡು ಹೋದ್ರೆ ಎಂತ ಮಾಡ್ತೀರಿ?" ಎಂದಿದ್ದಳು ಹೇಮಾಕ್ಷಿ.

"ಈಗ ಬಿಗಿದ್ರೆ ನಾಳೆ ಸಡಿಲ ಆಗ್ತದೆ ಮಾರಾಯ್ತಿ. ಆ ಮಗು ಮುಂದೆ ಕೂತುಕೊಳ್ತದೆ."

"ಹೆದರಿ ಹೆದರಿಯೇ ಒಂದು ದಿನ ಸಾಯ್ತೀರಿ ನೀವು," ಎಂದು ಅವಳು ನಕ್ಕಿದ್ದಳು.

ಬೆಳಿಗ್ಗೆ ಎದ್ದಾಗ ಹಾಸಿಗೆಯಲ್ಲಿ ಅವನಿರಲಿಲ್ಲ. ಅಂಗಳದ ನಲ್ಲಿಯ ಹತ್ತಿರ ಬಿದ್ದಿದ್ದ. ಮುಖ ತೊಳೆಯಲು ಹೋದವನು ಬಿದ್ದ ಎಂದುಕೊಂಡಳು. ಡಾಕ್ಟರು ಹೃದಯ ಎಂದರು.

*

ಎಷ್ಟು ಸಲ ಮಾಡಿದರೂ ಸುಜಿತನ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಹೆಣದ ಎದುರು ಬರುವಾಗ ಅವನು ಅದನ್ನು ಸೈಲೆಂಟ್ ಮಾಡಿದ್ದನ್ನು ಸರ್ವೋತ್ತಮ ಕಣ್ಣಾರೆ ಕಂಡಿದ್ದ. ಅದನ್ನೂ ಅವನ ಒಳ್ಳೆಯ ಗುಣಕ್ಕೆ ಸೇರಿಸಿದ.

ಬೂಬನ ಸೋದರಳಿಯ ಮುಖೇಶ್ ಒದ್ದೆ ಪಂಚೆಯಲ್ಲಿ ನಿಂತಿದ್ದ. ರಿಕ್ಷಾ ಓಡಿಸುವವನು, ಹ್ಯಾಂಡಲ್ ಸಡಿಲವಾದರೆ ಇಳಿಜಾರಿನಲ್ಲಿ ಗಾಡಿ ತಿರುಗಿಸಿದ ಕಡೆ ತಿರುಗದು ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ನಾನು ಹೋಗ್ತೇನೆ ಮಾಮಿ," ಎಂದ. ಸರ್ವೋತ್ತಮ ಅಡ್ಡ ಬಂದ. ಬೆಂಕಿ ಕೊಡುವವನೇ ಮನೆಬಿಟ್ಟು ಹೋದರೆ ಹೇಗೆ, ಸ್ಮಶಾನದಲ್ಲಿ ಕಟ್ಟಿಗೆ ಒಟ್ಟಿ ಆಗಿದೆ, ಇನ್ನು ಬಾಯಿಗೆ ನೀರು ಬಿಟ್ಟು ಹೆಣ ಎತ್ತುವುದೊಂದೇ ಬಾಕಿ. ನೆಂಟರ ಮುದುಕಿಯೊಬ್ಬಳು ಹೇಮಾಕ್ಷಿಯ ಬೆನ್ನು ಸವರಿ, ಗಂಡ ಹೋದ ಸಂಕಟಕ್ಕೆ ಹೀಗೆಲ್ಲ ಅನಿಸುತ್ತದೆ ಮಗಾ, ಸ್ವಲ್ಪ ಅಳು ಎಂದಳು.

ಹೇಮಾಕ್ಷಿ ಎದ್ದಳು. ಗ್ಯಾರೇಜಿಗೆ ಹೋಗಿ, ಕುರ್ಚಿಗಳ ಸಂದಿನಲ್ಲಿ ನುಗ್ಗಿ, ಗೋಡೆಯಲ್ಲಿದ್ದ ದೊಡ್ಡ ಸ್ಪ್ಯಾನರ್ ತೆಗೆದುಕೊಂಡು ಮುಖೇಶನ ರಿಕ್ಷಾದಲ್ಲಿ ಕೂತಳು. ಹೆಣ ಒಳಗಿರುವಾಗ ಹೆಂಡತಿ ಹೊಸ್ತಿಲು ದಾಟಿ ಹೋದದ್ದನ್ನು ಅಲ್ಲಿದ್ದವರು ಯಾರೂ ಮೊದಲು ಕಂಡಿರಲಿಲ್ಲ.

ರಸ್ತೆ ಅಗಲ ಮಾಡಲು ಅಗೆದು ಹಾಕಿದ್ದ ಕಡೆ ಲಾರಿಗಳು ಸಾಲುಗಟ್ಟಿದ್ದವು. ಮುಖೇಶ್ ಮಣ್ಣಿನ ಮೇಲೆ ಹತ್ತಿಸಿ ನುಗ್ಗಿಸಿದ. ಹೇಮಾಕ್ಷಿಗೆ ಮಗು ಸತ್ತೀತು ಎಂಬ ಹೆದರಿಕೆ. ಅದರ ಹಿಂದೆಯೇ, ಹೇಳಲು ನಾಚಿಕೆಯಾಗುವ ಇನ್ನೊಂದು. ಜೀವಮಾನವಿಡೀ ಹೆದರಿ ಕೆಲಸ ಮಾಡಿದವನ ಹೆಸರಿಗೆ, ಬೂದಿ ಆರುವ ಮುಂಚೆ, ಒಂದು ಮಗುವಿನ ಸಾವು ಅಂಟಿಕೊಳ್ಳುತ್ತದಲ್ಲ. ಇವನಿಗೆ ಇಷ್ಟೆಲ್ಲ ಹೆದರಿಕೆ ಯಾಕೆ ಎಂದು ಇಷ್ಟು ವರ್ಷ ನಗುತ್ತಿದ್ದವಳಿಗೆ ಅದು ಹೇಗಿರುತ್ತದೆಂದು ಈಗ ಗೊತ್ತಾಗುತ್ತಿತ್ತು.

"ಎಂತ ಆಗ್ಲಿಕ್ಕಿಲ್ಲ ಮಾಮಿ," ಎಂದ ಮುಖೇಶ್. ಎನ್ನುತ್ತಲೇ ರಿಕ್ಷಾದ ವೇಗ ಹೆಚ್ಚಿಸಿದ.

ಗದ್ದೆ ಬದಿಯಿಂದ ಗುಡ್ಡದ ದಾರಿಗೆ ತಿರುಗುವಾಗಲೇ ಎಂಜಿನಿನ ಸದ್ದು ಕೇಳಿತು. ಮೇಲೆ, ಇಳಿಜಾರಿನ ತಲೆಯಲ್ಲಿ, ಮೂರು ಗಾಲಿಯ ಗಾಡಿ ಕಾಣಿಸಿತು. ಸುಜಿತನ ಎದೆಗೆ ಒರಗಿ, ಟ್ಯಾಂಕಿನ ಮೇಲೆ ಮನ್ವಿತಾ ಕೂತಿದ್ದಳು. ಮುಖೇಶ್ ಹಾರ್ನ್ ಒತ್ತಿ ಹಿಡಿದ. ಹೇಮಾಕ್ಷಿ ರಿಕ್ಷಾದಿಂದ ಧುಮುಕಿ ಸ್ಪ್ಯಾನರ್ ಎತ್ತಿ ಬೀಸಿದಳು.

ಗಾಡಿ ಇಳಿಯತೊಡಗಿತು.

ಕಲ್ಲಿಗೆ ಮುಂದಿನ ಚಕ್ರ ಹಾರಿ ಬಿತ್ತು. ಮತ್ತೊಮ್ಮೆ ಹಾರಿತು. ಕೋರೆಯ ಅಂಚಿಗೆ ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು. ಸದ್ದು ದೂರವಾಗಿ, ತಿರುಗಿ, ಹತ್ತಿರ ಬಂತು. ಕಣ್ಣು ತೆರೆದರೆ ಎದುರಲ್ಲೇ ಗಾಡಿ ನಿಂತಿತ್ತು.

ಸುಜಿತ್ ಗಾಬರಿಯಿಂದ ಎಂಜಿನ್ ಆರಿಸಿದ. ಮಗಳು ಬೆಳಗ್ಗಿನಿಂದ ಹಟ ಹಿಡಿದಿದ್ದಳು, ಒಂದೇ ಸುತ್ತು ಎಂದು ಕೂರಿಸಿದ್ದೆ, ಈಗ ನಿಮ್ಮ ಮನೆಗೇ ಹೊರಟಿದ್ದೆ ಎಂದೆಲ್ಲ ತಪ್ಪು ಮಾಡಿದವನ ಹಾಗೆ ಹೇಳತೊಡಗಿದ. ಹೇಮಾಕ್ಷಿ ಕೇಳಿಸಿಕೊಳ್ಳಲಿಲ್ಲ. ನಟ್ಟಿಗೆ ಸ್ಪ್ಯಾನರ್ ಹಾಕಿ ಎಳೆದಳು. ಅದು ಕದಲಲಿಲ್ಲ. ಎರಡು ಕೈ ಹಾಕಿ ಎಳೆದಳು.

"ಸಡಿಲ ಉಂಟಾ ಮಾಮಿ?" ಎಂದ ಮುಖೇಶ್.

"ಇಲ್ಲ. ಬಿಗಿ ಮಾಡಿದ್ದಾರೆ," ಎಂದಳು. ಸ್ಪ್ಯಾನರನ್ನು ನೆಲಕ್ಕಿಟ್ಟು, "ನಾನು ನಿದ್ದೆಯಲ್ಲಿದ್ದೆ. ಎದ್ದು ಬಂದು ಬಿಗಿ ಮಾಡಿದ್ದಾರೆ. ಆಮೇಲೆ ನಲ್ಲಿ ಹತ್ತಿರ ಹೋದದ್ದು," ಎಂದಳು.

ಸುಜಿತ್ ಮಗಳನ್ನು ಮೆಲ್ಲನೆ ಎತ್ತಿ ಕೆಳಗಿಳಿಸಿದ. ರಿಕ್ಷಾದಲ್ಲಿ ಮುಖೇಶನ ಫೋನು ಬಡಿದುಕೊಳ್ಳುತ್ತಿತ್ತು, ಸರ್ವೋತ್ತಮನ ಕರೆ. ಹೇಮಾಕ್ಷಿ ಗಾಡಿಯ ಎದುರು ನಿಂತು ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ತಳ್ಳಿದಳು, ಮತ್ತೆ ಜಗ್ಗಿದಳು. ಈಗ ಅವಳು ದೊಡ್ಡದಾಗಿ ಅಳುತ್ತಿದ್ದಳು. ಎಷ್ಟು ಜಗ್ಗಿದರೂ ಅದು ಕೂದಲೆಳೆಯಷ್ಟೂ ಅಲುಗಲಿಲ್ಲ.