ಆರಿಸಬಾರದ ಕಂದೀಲು

“ಮುಂದಿನ ಕುರ್ಚಿ ನಿಮ್ಮಪ್ಪಗ ಹಾಕ್ಯಾರೇನ? ಹಿಂದ ಜಮಖಾನಿ ಮ್ಯಾಲ ಕುಂದರ್ರಿ, ರಂಡೇರ! ನಾ ಟವೆಲ್ ಬೀಸಿದ ಕೂಡ್ಲೇ ಕೈ ಎತ್ತಬೇಕು, ತಿಳೀತಿಲ್ಲೋ?”

ಅದು 2009ರ ಶ್ರಾವಣ. ಹೀಗೆ ಗದರಿದ ಸುಳ್ಳ ಗ್ರಾಮದ ಸಾಹುಕಾರ ನೀಲಕಂಠಪ್ಪ, ತನ್ನ ಹೊಲದಲ್ಲಿ ಕಳೆ ಕೀಳುವ ಹೆಂಗಸರನ್ನು ಟೆಂಪೋ ತುಂಬಿ ಧಾರವಾಡದ ಸಭೆಗೆ ತಂದಿದ್ದ. ಬರದಿದ್ದರೆ ನಾಳೆಯಿಂದ ಹೊಲಕ್ಕೆ ಕಾಲಿಡಬೇಡಿ ಎಂದಿದ್ದ.

ಆ ಹೆಂಗಸರಲ್ಲೊಬ್ಬಳಾದ ರುಕ್ಮವ್ವ ಪಕ್ಕದ ಲಾಲಬಿಯನ್ನು ತಿವಿದಳು. “ಕಳೆ ಕೀಳೋ ಕೈಗೆ ಇವತ್ತ ಮ್ಯಾಲೇರೋ ಯೋಗ ಬಂತ ನೋಡವಾ!”

ವೇದಿಕೆಯ ಮೇಲಿದ್ದ ಸಾಹೇಬರು ತಿಳಿಯುವಂತೆಯೇ ಮಾತಾಡಿದರು. ಕಲ್ಲಿದ್ದಲು ಸುಟ್ಟು ಸುಟ್ಟು ಹವೆ ಕೆಟ್ಟಿದೆ, ಮಳೆ ಹಾದಿ ತಪ್ಪಿದೆ. ಇನ್ನು ದೇಶಕ್ಕೆಲ್ಲ ಬಿಸಿಲು, ಗಾಳಿಯ ಕರೆಂಟು. ಜನ ಕೈ ಎತ್ತಿ ಬೆಂಬಲಿಸಿದರೆ ಯೋಜನೆ ಗಟ್ಟಿ. ರುಕ್ಮವ್ವನಿಗೆ ಮಾತು ಹಿಡಿಸಿತು. ಬಿಸಿಲೇನು ಯಾರಪ್ಪನ ಮನೆಯದೇ? ಆದರೆ ಈಗಿರುವ ಕರೆಂಟಿನ ತಂತಿ ನೀಲಕಂಠಪ್ಪನ ಕೊಟ್ಟಿಗೆಗೇ ನಿಂತುಬಿಟ್ಟಿತ್ತು. ಅವನ ಎಮ್ಮೆಗೆ ಫ್ಯಾನು, ಕೂಗಳತೆಯ ಇವರ ಕೇರಿಗೆ ಚಿಮಣಿ ಎಣ್ಣೆಯ ಬುಡ್ಡಿ. ತನ್ನ ಹೊಲದಲ್ಲಿ ಕಂಬ ನೆಡಲು ಅವನು ಬಿಟ್ಟಿರಲಿಲ್ಲ.

ಟವೆಲ್ ಹಾರಿತು. ರುಕ್ಮವ್ವ ಕೈ ಕಟ್ಟಿ ಕೂತಳು. ಅವಳನ್ನು ನೋಡಿ ಉಳಿದವರೂ ಕಟ್ಟಿದರು.

ಫೋಟೋವಾದರೂ ಆಗಲೆಂದು ನೀಲಕಂಠಪ್ಪ ಹಲ್ಲು ಕಡಿಯುತ್ತ ಅವಳನ್ನೇ ವೇದಿಕೆಗೆ ಹತ್ತಿಸಿ, ಮೇಜಿನ ಮೇಲಿದ್ದ ಸೋಲಾರ್ ಕಂದೀಲು ಹಿಡಿಸಿದ. “ಫೋಟೋ ಆದ ಮ್ಯಾಲ ಇಲ್ಲೇ ಇಡು.”

ಸಾಹೇಬರು ಗುಂಡಿ ಒತ್ತಿದರು. ಬೆಳಕು ಚೆಲ್ಲಿತು. ರುಕ್ಮವ್ವ ಸೆರಗು ಹೊದ್ದು, ಹಣೆಯ ಕುಂಕುಮವನ್ನೇ ಬೆರಳಿಗೆ ಹತ್ತಿಸಿಕೊಂಡು ಕಂದೀಲಿಗೆ ಬೊಟ್ಟಿಟ್ಟಳು. ಫೋಟೋ ಆಯಿತು. ಅವಳು ಕಂದೀಲು ಹಿಡಿದೇ ಮೆಟ್ಟಿಲಿಳಿದು ಬಾಗಿಲಿನತ್ತ ನಡೆದೇಬಿಟ್ಟಳು.

“ಏ, ಎಲ್ಲಿಗಿ ಒಯ್ಯಾಕತ್ತಿ? ಆರಿಸಿ ಇಡ!”

“ಹಚ್ಚಿದ ದೀಪಾ ಆರಸಂತೀರೇನ್ರಿ ಸಾವ್ಕಾರ್ರ? ಮುತ್ತೈದಿ ಕೈಯಾಗಿನ ದೀಪಾ ಕಸಗೋತೀರೇನು? ಬರ್ರಿ, ಕಸಗೋರಿ. ಮಂದಿ ನೋಡ್ಲಿ.”

ನೀಲಕಂಠಪ್ಪ ಕೈ ಚಾಚಿದ. ಮುಂದಿನ ಕುರ್ಚಿಯಿಂದ ಅವನ ಹೆಂಡತಿ ದಾನವ್ವ ಚೀರಿದಳು: “ಬ್ಯಾಡ್ರಿ! ಉರಿಯೋ ದೀಪಕ್ಕ ಕೈ ಹಚ್ಚಿ ಮನಿ ಹಾಳ ಮಾಡಬ್ಯಾಡ್ರಿ!” ಚಾಚಿದ ಕೈ ಚಾಚಿದಲ್ಲೇ ನಿಂತಿತು.

ಬಾಗಿಲಲ್ಲಿ ರುಕ್ಮವ್ವ ತಿರುಗಿದಳು. “ಸಾಹೇಬ್ರ, ನಿಮ್ಮ ಬಿಸಿಲ ಕರೆಂಟಿಗೆ ನಮ್ಮ ಬೆಂಬಲ ಐತ್ರಿ, ಖರೇನ ಐತ್ರಿ. ಅದು ಸಾವ್ಕಾರ್ರ ಕೊಟ್ಟಿಗಿ ದಾಟಿ ನಮ್ಮ ಕೇರಿಗಿ ಬರ್ಲಿ. ಬಂದ ದಿನಾ ಈ ಕಂದೀಲಕ್ಕ ಆರತಿ ಬೆಳಗಿ ತಂದ ಕೊಡ್ತೀವಿ. ಯಾರ್ಯಾರು ಒಪ್ಪೀರಿ, ಈಗ ಎತ್ರವಾ ಕೈ!”

ಜಮಖಾನದ ಮೇಲಿಂದ ಬಳೆಗಳ ಸದ್ದೆದ್ದಿತು. ಒಂದು ಕೈಯೂ ಕೆಳಗುಳಿಯಲಿಲ್ಲ.

ಮುಂದಿನ ಕುರ್ಚಿಯಲ್ಲಿ ದಾನವ್ವ ಗಂಡನ ಮುಖ ನೋಡಿದಳು, ಕಂದೀಲು ನೋಡಿದಳು. ಬಂಗಾರದ ಬಳೆಯ ಕೈ ಮೆಲ್ಲಗೆ ಮೇಲೆದ್ದಿತು.