ನೆಡ್ರಾ ಕೇಳಿದ ಒಪ್ಪಿಗೆ

ಮುಂಬಾಗಿಲ ಗಂಟೆ ಹೊಡೆದಾಗ ಪೋಪಿ ಬೇಯಿಸಿದ ಗೋಧಿಯನ್ನು ಬಿಳಿ ಬಟ್ಟೆಯ ಮೇಲೆ ಹರವುತ್ತಿದ್ದಳು. ಮುಂಬಾಗಿಲಿಗೆ ಬರುವವರೆಂದರೆ ವಿಮೆಯವನು, ಇಲ್ಲವೇ ಬಿಳಿ ಅಂಗಿ, ಟೈ ತೊಟ್ಟು ಜೋಡಿಯಾಗಿ ತಿರುಗುವ ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರದ ಹುಡುಗರು. ಇಬ್ಬರನ್ನೂ ಸಾಗಹಾಕುವ ಕೆಲಸ ಗಂಡ ಲೆಫ್ಟೇರಿಯದಾಗಿತ್ತು. ಅವನು ತೀರಿಹೋದ ಮೇಲೆ ಅದೂ ಅವಳ ಪಾಲಿಗೆ ಬಂದಿತ್ತು. ಗೊಣಗುತ್ತ ಹೋಗಿ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಪಕ್ಕದ ಮನೆಯ ನೆಡ್ರಾ ನಿಂತಿದ್ದಳು. ವಾರದ ನಡುವೆ ಭಾನುವಾರದ ಫ್ರಾಕು ತೊಟ್ಟಿದ್ದಳು, ತಲೆಗೂದಲನ್ನು ಒಪ್ಪವಾಗಿ ಬಾಚಿದ್ದಳು. ಕೈಯಲ್ಲಿ ಎಂದಿನ ಬ್ರೆಡ್ಡಿನ ಗಂಟು ಮಾತ್ರ ಇರಲಿಲ್ಲ.

"ಯಾಕೆ, ಹಿತ್ತಿಲ ಬಾಗಿಲಿಗೆ ಏನಾಯ್ತೇ?"

"ಏನೂ ಆಗಿಲ್ಲ. ಇವತ್ತು ಈ ಕಡೆಯಿಂದ ಬರಬೇಕು ಅನ್ನಿಸ್ತು."

"ಬಾ ಬಾ. ಗಂಟೆ ಕೇಳಿ ಯಾರಿಗೋ ಏನೋ ಆಯ್ತು ಅಂತ ಎದೆ ಹಾರಿಹೋಯ್ತು ನಂಗೆ."

ಅಡುಗೆಮನೆಯಲ್ಲಿ ನೆಡ್ರಾ ತನ್ನ ಮಾಮೂಲಿ ಕುರ್ಚಿಯಲ್ಲಿ ಕೂತಳು. ಪೋಪಿ ಪುಟ್ಟ ಹಿತ್ತಾಳೆ ಪಾತ್ರೆಯಲ್ಲಿ ತನಗೆ ಕಾಫಿ ಇಟ್ಟುಕೊಂಡು, ಅವಳಿಗೆ ಬಿಸಿನೀರಲ್ಲಿ ಪುದೀನ ಹಾಕಿಕೊಟ್ಟಳು. ಮಾರ್ಮನರು ಕಾಫಿ ಮುಟ್ಟುವುದಿಲ್ಲ. ಲೆಫ್ಟೇರಿಗೆ ಅದೊಂದು ತಮಾಷೆಯ ವಸ್ತುವಾಗಿತ್ತು. "ಒಂದೇ ಒಂದು ಗುಟುಕು ಕುಡಿ ನೆಡ್ರಾ, ನಾಳೆನೇ ಬಂದು ನಿಮ್ಮ ಸಭೆ ಸೇರ್ಕೋತೀನಿ" ಎಂದು ಕಪ್ಪನ್ನು ಅವಳ ಮೂಗಿನವರೆಗೂ ಒಯ್ಯುತ್ತಿದ್ದ. "ನಿನ್ನೊಬ್ಬನ ಆತ್ಮ ಉಳಿಸೋಕೆ ನಂದನ್ನ ಕೊಡಬೇಕಾ? ತುಂಬ ದುಬಾರಿ ಆಯ್ತು ಕಣಪ್ಪ" ಎಂದು ಅವಳು ಕಪ್ಪನ್ನು ದೂಡುತ್ತಿದ್ದಳು. ಹೀಗೆ ವರ್ಷಗಟ್ಟಲೆ ನಡೆದಿತ್ತು. ಆಮೇಲೆ ಗಣಿಯ ಧೂಳು ಅವನ ಎದೆ ಹಿಡಿಯಿತು. ನಗಲಿಕ್ಕೂ ಉಸಿರು ಸಾಲದಾಯಿತು. ಕೊನೆಯ ಚಳಿಗಾಲದಲ್ಲಿ ಪೋಪಿ ಒಂದಿಷ್ಟು ಕಣ್ಣು ಮುಚ್ಚಲೆಂದು ನೆಡ್ರಾ ದಿನವೂ ಮಧ್ಯಾಹ್ನ ಬಂದು ಅವನ ಹಾಸಿಗೆಯ ಪಕ್ಕ ಹೆಣಿಗೆ ಹಿಡಿದು ಕೂರುತ್ತಿದ್ದಳು.

ಭಾನುವಾರಕ್ಕೆ ಅವನು ಹೋಗಿ ವರ್ಷ ತುಂಬುತ್ತಿತ್ತು. ತಮ್ಮ ಗ್ರೀಕರ ಚರ್ಚಿನಲ್ಲಿ ಪ್ರಾರ್ಥನೆಗೆ ಹೇಳಿದ್ದಾಗಿತ್ತು. ಈ ಗೋಧಿ ಅದಕ್ಕೇ. ಆರಿದ ಮೇಲೆ ಬಾದಾಮಿ, ದಾಳಿಂಬೆ, ದ್ರಾಕ್ಷಿ ಬೆರೆಸಿ, ಮೇಲೆ ಸಕ್ಕರೆ ಪುಡಿ ಹೊದಿಸಿ ಕೋಲಿವಾ ಮಾಡಿ ಹಂಚಬೇಕು.

"ಪೋಪಿ, ನಾನು ಒಂದು ಮಾತು ಕೇಳೋಕೆ ಬಂದೆ," ಎಂದಳು ನೆಡ್ರಾ. ಪುದೀನದ ಕಪ್ಪನ್ನು ಮುಟ್ಟಿರಲಿಲ್ಲ. "ಬೇಡ ಅಂದ್ರೆ ಬೇಡ ಅನ್ನು. ಆದ್ರೆ ಪೂರ್ತಿ ಕೇಳಿ ಆಮೇಲೆ ಅನ್ನು."

"ಹೇಳು."

"ಲೆಫ್ಟೇರಿ ಹೆಸರನ್ನ ನಮ್ಮ ದೇವಾಲಯಕ್ಕೆ ತಗೊಂಡು ಹೋಗ್ಲಾ?"

ಪೋಪಿಗೆ ಅರ್ಥವಾಯಿತು. ಮಾರ್ಮನರೇ ತುಂಬಿದ್ದ ಆ ಊರಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಅರ್ಥವಾಗುತ್ತಿತ್ತು. ತೀರಿಹೋದವರ ಹೆಸರಲ್ಲಿ ಬದುಕಿರುವವರು ಯಾರೋ ನೀರಲ್ಲಿ ಮುಳುಗಿ ಏಳುತ್ತಾರೆ. ಸತ್ತವನಿಗೆ ಅಲ್ಲಿ ಮಾರ್ಮನರ ದೀಕ್ಷೆ ಸಿಕ್ಕಂತೆ. ಅವಳು ಒದ್ದೆ ಬಟ್ಟೆಯಿಂದ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು.

"ಒಂದು ಚಳಿಗಾಲ ಪೂರ್ತಿ ಅವನ ಪಕ್ಕ ಕೂತಿದ್ದೆಯಲ್ಲ. ಆಗ ಅವನನ್ನೇ ಕೇಳಬಹುದಿತ್ತು."

"ಕೇಳ್ಬೇಕು ಅಂತ ಎಷ್ಟು ಸಲ ಬಾಯಿಗೆ ಬಂತು. ಕೇಳಿದ್ರೆ, ನಾನು ಅದಕ್ಕೇ ಬಂದು ಕೂರ್ತಿದ್ದೆ ಅಂದ್ಕೊಂಡುಬಿಡ್ತಿದ್ದ."

"ಅವನ ಬಾಯಿ ಆಡೋವಾಗ ಕೇಳಲಿಲ್ಲ. ಬಾಯಿ ಮುಚ್ಚಿದ ಮೇಲೆ ನನ್ನ ಕೇಳ್ತಿದ್ದೀಯ."

ನೆಡ್ರಾಳ ಕತ್ತು ಕೆಂಪಾಯಿತು. "ಕೇಳದೇನೇ ಮಾಡೋರೂ ಇದಾರೆ ಪೋಪಿ. ನಮ್ಮೋರೇ ಒಬ್ಬರು, ಕೇಳೋದೇನಿದೆ, ಹೆಸರು ಕೊಟ್ಟುಬಿಡು ಅಂದ್ರು. ನನ್ನ ಕೈಲಿ ಆಗಲಿಲ್ಲ."

"ದೊಡ್ಡ ಉಪಕಾರ."

"ಅಲ್ಲಿ ಅವನಿಗೂ ಬೇಡ ಅನ್ನೋ ಹಕ್ಕು ಇರುತ್ತೆ ಕಣೇ. ಬಲವಂತ ಏನಿಲ್ಲ. ನಾವು ಬಾಗಿಲು ತೆಗೆದಿಡ್ತೀವಿ, ಬರೋದು ಬಿಡೋದು ಅವನಿಷ್ಟ."

"ಇಲ್ಲಿ ಇರೋವರೆಗೂ ಬಾಗಿಲಲ್ಲಿ ನಿಂತು ಬೇಡ ಬೇಡ ಅಂತ ಹೇಳಿ ಹೇಳಿ ಸಾಕಾಗಿತ್ತು ಅವನಿಗೆ. ಅಲ್ಲೂ ಹೇಳಬೇಕಾ?"

ಮಾರ್ಮನರ ಮೇಲೆ ಲೆಫ್ಟೇರಿಗಿದ್ದ ಅಪನಂಬಿಕೆ ತಮಾಷೆಯದಾಗಿರಲಿಲ್ಲ. ಅವನ ತಂಗಿ ಫೋತಿನಿ ಮಾರ್ಮನ್ ಹುಡುಗನೊಬ್ಬನನ್ನು ಮೆಚ್ಚಿ, ಅವರ ಮತಕ್ಕೆ ಸೇರಿ ಮದುವೆಯಾದಳು. ಮದುವೆ ಬೆಟ್ಟದ ಮೇಲಿನ ಅವರ ದೇವಾಲಯದಲ್ಲಿ. ಒಳಗೆ ಹೋಗಲು ಅವರವರಿಗೇ, ಅದರಲ್ಲೂ ಯೋಗ್ಯರೆನಿಸಿದವರಿಗೆ ಮಾತ್ರ ಅನುಮತಿ. ಹೆತ್ತ ತಂದೆ ತಾಯಿ ಹೊರಗಿನ ಕಲ್ಲುಕಟ್ಟೆಯ ಮೇಲೆ ಬಿಸಿಲಲ್ಲಿ ಕೂತಿದ್ದರು. ಗ್ರೀಕರ ಪದ್ಧತಿಯಂತೆ ವಧೂವರರ ತಲೆಗೆ ಇಡುವ ಹೂಕಿರೀಟಗಳನ್ನು ತಾಯಿ ಡಬ್ಬಿಯಲ್ಲಿಟ್ಟು ತಂದಿದ್ದಳು, ಯಾರಾದರೂ ಕರೆದಾರು ಎಂದು. ಯಾರೂ ಕರೆಯಲಿಲ್ಲ. ಹುಡುಗನ ಚಿಕ್ಕಮ್ಮಂದಿರೆಲ್ಲ ನಗುನಗುತ್ತ ಹೊರಗೆ ಬಂದು, ಎಷ್ಟು ಚೆನ್ನಾಗಿತ್ತು ಗೊತ್ತಾ ಎಂದು ತಾಯಿಯ ಕೈ ಕುಲುಕಿದರು. ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ಡಬ್ಬಿ ಅವಳ ಮಡಿಲಲ್ಲೇ ಇತ್ತು. ಟ್ರಕ್ಕು ಓಡಿಸುತ್ತಿದ್ದವನು ಲೆಫ್ಟೇರಿ. "ಒಳಗೆ ಏನು ಮಾಡ್ತಾರೆ ಅಂತ ಹೇಳಲ್ಲ, ಒಳಗೆ ಬಿಡಲ್ಲ, ಆದ್ರೆ ನಮ್ಮ ಹುಡುಗಿ ಮಾತ್ರ ಬೇಕು" ಎಂದು ಅವನು ಆಮೇಲೆ ಎಷ್ಟೋ ಸಲ ಹೇಳಿದ್ದ. ಪಕ್ಕದ ಮನೆಗೆ ನೆಡ್ರಾ ಮದುವಣಗಿತ್ತಿಯಾಗಿ ಬಂದು ಮೊದಲ ಸಲ ಬ್ರೆಡ್ಡು ತಂದುಕೊಟ್ಟಾಗ, "ತಿನ್ನು, ಆದ್ರೆ ಒಳಗೆ ಗಾಳ ಇದೆಯಾ ನೋಡ್ಕೊಂಡು ತಿನ್ನು" ಎಂದಿದ್ದ.

ವರ್ಷಗಳುರುಳಿದವು, ಬ್ರೆಡ್ಡು ಬರುತ್ತಲೇ ಇತ್ತು. ಗಾಳ ಕಾಣಲಿಲ್ಲ. ಅವನೂ ಆ ಮಾತನ್ನು ಬಿಟ್ಟುಬಿಟ್ಟ.

ಈಗ ಪೋಪಿಯ ಬಾಯಿಂದ ಅದು ತಾನಾಗಿ ಬಂತು. "ಇಷ್ಟು ವರ್ಷದ ಬ್ರೆಡ್ಡು ಇದಕ್ಕೇನಾ ನೆಡ್ರಾ?"

ನೆಡ್ರಾ ಎದ್ದು ಹೋಗುತ್ತಾಳೆಂದು ಪೋಪಿ ಅಂದುಕೊಂಡಳು. ಅವಳು ಏಳಲಿಲ್ಲ. ಬಟ್ಟೆಯ ಮೇಲಿನ ಗೋಧಿಯನ್ನೇ ನೋಡುತ್ತ ಕೂತಳು.

"ನಂಗೆ ಒಂದು ಮನೆ ಕಾಣುತ್ತೆ," ಎಂದಳು ಕೊನೆಗೆ. "ಮೇಲೆ. ಅಲ್ಲಿ ನನ್ನ ಗಂಡ ವರ್ಲ್ ಇದಾನೆ. ನಮ್ಮ ಪಾಪು ಇದೆ. ನೀನೇ ಅಲ್ವಾ ಅದನ್ನ ತೊಳೆದು ಬಟ್ಟೆ ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದು, ನನ್ನ ಕೈ ನಡುಗ್ತಿತ್ತು ಅಂತ. ಅವರನ್ನೆಲ್ಲ ಮತ್ತೆ ನೋಡ್ತೀನಿ ಅಂತ ನಂಬ್ಕೊಂಡು ಬದುಕಿದೀನಿ. ಆದ್ರೆ ಆ ಮನೆ ಅಂಗಳದಲ್ಲಿ ನಿಂತು ಬೇಲಿಯಾಚೆ ನೋಡಿದ್ರೆ ನಿಮ್ಮ ಮನೆ ಖಾಲಿ. ಬಟ್ಟೆ ಒಣಹಾಕಿಲ್ಲ, ಲೆಫ್ಟೇರಿ ಬೈಗುಳ ಇಲ್ಲ. ನಂಗೆ ಅಲ್ಲಿ ನಿಲ್ಲೋಕಾಗಲ್ಲ ಪೋಪಿ. ಬ್ರೆಡ್ಡು ಯಾಕೆ ತಂದೆ ಅಂತ ನಂಗೊತ್ತಿಲ್ಲ. ಮಾಡಿದಾಗ ಜಾಸ್ತಿ ಆಗ್ತಿತ್ತು, ತಂದೆ."

ಪೋಪಿ ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಆದರೆ ಮನಸ್ಸು ಬದಲಾಗಲಿಲ್ಲ.

"ಅವನಿಗೆ ಅವನ ಅಪ್ಪ ಅಮ್ಮ ಕೊಟ್ಟ ದೀಕ್ಷೆ ಇದೆ. ಹಸುಗೂಸಾಗಿದ್ದಾಗಲೇ ಎಣ್ಣೆ ಹಚ್ಚಿ ನೀರಲ್ಲಿ ಅದ್ದಿ ಎತ್ತಿದಾರೆ. ಅದು ಸಾಲದು ಅಂತ ನೀನು ಹೇಳಿದ್ರೆ, ಅವರಮ್ಮ ಅವನನ್ನ ಸರಿಯಾಗಿ ಹೆರಲಿಲ್ಲ ಅಂತ ಹೇಳಿದ ಹಾಗೆ. ಬೇಡ."

"ಸರಿ," ಎಂದಳು ನೆಡ್ರಾ. "ಮಾಡಲ್ಲ."

"ಇನ್ನೊಂದು. ನಂಗೂ ಮಾಡಬೇಡ. ನಾನು ಹೋದ್ಮೇಲೆ. ನಂಗೆ ಮಕ್ಕಳಿಲ್ಲ, ಆಗ ನೀನು ಕೇಳೋಕೆ ಯಾರೂ ಇರಲ್ಲ. ಈಗಲೇ ಮಾತು ಕೊಡು."

ನೆಡ್ರಾ ಮೇಜಿನ ಅಂಚು ಹಿಡಿದು ಎದ್ದಳು.

"ಸುಳ್ಳು ಹೇಳಬಹುದು ನಿಂಗೆ. ಆದ್ರೆ ಹೇಳಲ್ಲ. ನಂಗೆ ಸ್ವಲ್ಪ ಟೈಮ್ ಕೊಡು," ಎಂದವಳು ಮುಂಬಾಗಿಲಿಂದಲೇ ಹೋದಳು.

ಶನಿವಾರ ವಾರಗಿತ್ತಿ ದೆಸ್ಪಿನಾ ಕೋಲಿವಾ ಅಲಂಕರಿಸಲು ಬಂದಳು. ಅವಳು ಲೆಫ್ಟೇರಿಯ ಅಣ್ಣನ ಹೆಂಡತಿ. ಮಾತು ಜೋರು, ಕೈ ಅಷ್ಟೇ ನಾಜೂಕು. ತಟ್ಟೆಯಲ್ಲಿ ಗೋಧಿಯನ್ನು ದಿಬ್ಬದಂತೆ ಒತ್ತಿ, ಸಕ್ಕರೆ ಪುಡಿಯನ್ನು ಜರಡಿಯಾಡಿ, ಮೇಣದ ಕಾಗದದಿಂದ ಸವರಿ ನುಣುಪು ಮಾಡುತ್ತಿದ್ದಳು. ಪೋಪಿ ತಡೆಯಲಾರದೆ ವಿಷಯ ಹೇಳಿಬಿಟ್ಟಳು.

"ನಾನೇನು ಹೇಳಿದ್ದೆ?" ಎಂದಳು ದೆಸ್ಪಿನಾ ಕೈ ನಿಲ್ಲಿಸದೆ. "ಅವರು ಸುಮ್ನೆ ಕೂತಿರೋ ಬೆಕ್ಕು ಸಿಕ್ಕಿದ್ರೂ ನೀರಲ್ಲಿ ಅದ್ದಿ ತಮ್ಮೋರು ಮಾಡ್ಕೋತಾರೆ. ಊರಿನ ಶಾಲೆ ಅವರದು, ಕಚೇರಿ ಅವರದು, ಗಣಿ ಮೇಸ್ತ್ರಿ ಅವರೋನು. ಇನ್ನು ಸತ್ತೋರು ಒಬ್ರು ನಮಗೆ ಉಳಿದಿದ್ರು, ಅದೂ ಬೇಕಂತೆ."

"ಅವಳು ಕೇಳಿದ್ಲು ಅಕ್ಕ. ಕೇಳದೇ ಮಾಡಲಿಲ್ಲ."

"ಕಳ್ಳ ಬಾಗಿಲು ತಟ್ಟಿ ಬಂದ್ರೆ ನೆಂಟ ಆಗ್ತಾನಾ?"

"ಅವಳನ್ನ ಕಳ್ಳಿ ಅನ್ನಬೇಡ." ದನಿ ತನಗೇ ಗಟ್ಟಿಯಾಗಿ ಕೇಳಿಸಿತು. "ಲೆಫ್ಟೇರಿಗೆ ಕಫ ಕಟ್ಟಿದಾಗ ಬೆನ್ನು ನೀವಿ ಬಟ್ಟಲು ಹಿಡಿದೋಳು ಅವಳು. ನೀನೂ ಬಂದಿದ್ದೆ, ಬಾಗಿಲಲ್ಲಿ ನಿಂತು ಅತ್ತು ಹೋದೆ."

ದೆಸ್ಪಿನಾ ಜರಡಿ ಕೆಳಗಿಟ್ಟಳು. ಸಿಟ್ಟು ಬರುತ್ತದೆಂದು ಪೋಪಿ ಕಾದಳು, ಬರಲಿಲ್ಲ. "ನಂಗೆ ರೋಗದ ವಾಸನೆ ತಡೆಯೋಕಾಗಲ್ಲ ಕಣೇ," ಎಂದು ಸಣ್ಣ ದನಿಯಲ್ಲಿ ಹೇಳಿ, ಬಾದಾಮಿಯಿಂದ ಶಿಲುಬೆ ಬಿಡಿಸಲು ಕೂತಳು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆ ಕೇಳಿದಳು: "ನಾಳೆ ಅವಳ ಕಾರಲ್ಲಿ ಹೋಗ್ತೀಯೋ, ನಮ್ಮ ಜೊತೆ ಬರ್ತೀಯೋ?"

"ನಿಮ್ಮ ಜೊತೆನೇ ಬರ್ತೀನಿ."

ಪೋಪಿ ಕಾರು ಓಡಿಸಲು ಕಲಿತಿರಲಿಲ್ಲ. ಲೆಫ್ಟೇರಿ ಹಾಸಿಗೆ ಹಿಡಿದ ಮೇಲೆ ಆಸ್ಪತ್ರೆಗೆ, ಅಂಗಡಿಗೆ, ಸ್ಮಶಾನಕ್ಕೆ ಎಲ್ಲ ಕಡೆ ಕರೆದೊಯ್ಯುತ್ತಿದ್ದವಳು ನೆಡ್ರಾಳೇ. ಆದರೆ ಆವತ್ತಿನಿಂದ ಅವಳ ಸುಳಿವಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಅವಳ ಅಂಗಳ ಕಾಣುತ್ತಿತ್ತು. ಒಂದು ಸಂಜೆ ಅವಳು ಟೊಮೇಟೊ ಗಿಡಗಳ ನಡುವೆ ಸುಮ್ಮನೆ ನಿಂತಿದ್ದಳು. ನೀರಿನ ಪೈಪು ಕೈಯಲ್ಲಿತ್ತು, ನೀರು ಒಂದೇ ಕಡೆ ಹರಿದು ಮಡುಗಟ್ಟುತ್ತಿತ್ತು. ಪೋಪಿ ಕಿಟಕಿಯಿಂದ ಸರಿದುಕೊಂಡಳು. ತಾನು ಕೇಳಿದ್ದು ಎಷ್ಟು ದೊಡ್ಡದೆಂದು ಅವಳಿಗೆ ಆಗ ಹೊಳೆಯಿತು. ನೆಡ್ರಾಳ ಲೆಕ್ಕದಲ್ಲಿ ಅದು, ನೀರಲ್ಲಿ ಬಿದ್ದವಳಿಗೆ ಕೈ ಚಾಚಬೇಡವೆಂದು ಮಾತು ತೆಗೆದುಕೊಂಡ ಹಾಗೆ. ಆದರೂ ಹಿಂದಕ್ಕೆ ಪಡೆಯುವ ಮನಸ್ಸಾಗಲಿಲ್ಲ. ಎರಡೂ ಒಟ್ಟಿಗೇ ನಿಜವಾಗಿದ್ದವು. ಅದೇ ಕಷ್ಟವಾಗಿತ್ತು.

ಭಾನುವಾರ ಬೆಳಿಗ್ಗೆ ಕರಿ ಬಟ್ಟೆ ತೊಟ್ಟು, ತಟ್ಟೆಗೆ ತೆಳು ಬಟ್ಟೆ ಮುಚ್ಚಿ ಹೊರಗೆ ಬಂದಾಗ ಮನೆಯ ಮುಂದೆ ನೆಡ್ರಾಳ ನೀಲಿ ಕಾರು ನಿಂತಿತ್ತು. ಇಂಜಿನ್ನು ಗುರುಗುಟ್ಟುತ್ತಿತ್ತು. ಅವರ ಸಭೆ ನಡೆಯುವುದೂ ಅದೇ ಹೊತ್ತಿಗೆ. ನೆಡ್ರಾ ಅದನ್ನು ಎಂದಾದರೂ ತಪ್ಪಿಸಿದ್ದು ಪೋಪಿಗೆ ನೆನಪಿರಲಿಲ್ಲ. ಬೀದಿಯ ಆ ತುದಿಯಲ್ಲಿ ದೆಸ್ಪಿನಾಳ ಮನೆಯವರ ಕಾರು ತಿರುಗಿತು. ಪೋಪಿ ಕಾಲುದಾರಿಯಲ್ಲಿ ತಟ್ಟೆ ಹಿಡಿದು ನಿಂತಳು. ಕಾರು ನಿಧಾನವಾಯಿತು. ಕಿಟಕಿಯಿಂದ ದೆಸ್ಪಿನಾ ಅವಳನ್ನು ನೋಡಿದಳು, ನೀಲಿ ಕಾರನ್ನು ನೋಡಿದಳು, ಗಂಡನಿಗೆ ಏನೋ ಹೇಳಿದಳು. ಕಾರು ನಿಲ್ಲದೆ ಮುಂದೆ ಹೋಯಿತು.

ನೆಡ್ರಾ ಇಳಿದು ಬಂದು ಬಾಗಿಲು ತೆಗೆದಳು. ಪೋಪಿ ಕೂತ ಮೇಲೆ ತಟ್ಟೆಯನ್ನು ಅವಳ ಮಡಿಲಲ್ಲಿ ಜೋಪಾನವಾಗಿ ಇಟ್ಟಳು.

"ಮೆಲ್ಲಗೆ ಓಡ್ಸು. ಸಕ್ಕರೆ ಬಿರುಕು ಬಿಟ್ರೆ ದೆಸ್ಪಿನಾ ನನ್ನ ಸಾಯಿಸ್ತಾಳೆ."

"ಆ ಕಾರಲ್ಲಿ ಹೋದಾಗ ನನ್ನ ಕಾರನ್ನೇ ನೋಡ್ತಿದ್ಲು. ಅವಳು ನನ್ನನ್ನೂ ಸಾಯಿಸ್ತಾಳೆ."

ಗಿರಣಿಯ ತಿರುವಿನಲ್ಲಿ ನೆಡ್ರಾ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ಮಾಡಲ್ಲ ಪೋಪಿ. ನಿಂಗೂ ಮಾಡಲ್ಲ. ಮಾತು ಕೊಟ್ಟೆ."

"ನಿಂಗೆ ಕಷ್ಟ ಆಯ್ತು."

"ಆಯ್ತು." ಅವಳು ಮೂಗೊರೆಸಿಕೊಂಡಳು. "ಆದ್ರೆ ದೇವರ ಹತ್ರ ಮಾತಾಡೋದನ್ನ ಬಿಡು ಅಂತ ಮಾತ್ರ ಹೇಳಬೇಡ. ದಿನಾ ಕೇಳ್ತೀನಿ. ಪೋಪಿ ಲೆಫ್ಟೇರಿ ಇಬ್ರನ್ನೂ ಏನಾದ್ರೂ ಮಾಡಿ ನನ್ನ ಪಕ್ಕದಲ್ಲೇ ಇಡಪ್ಪ ಅಂತ. ಹೇಗೆ ಇಡ್ತಾನೋ ಅವನಿಗೆ ಬಿಟ್ಟಿದ್ದು."

"ಕೇಳು. ನಮ್ಮ ಪಾದ್ರಿನೂ ಅದನ್ನೇ ಕೇಳ್ತಾರೆ, ಸ್ವಲ್ಪ ಹಾಡಿ ಕೇಳ್ತಾರೆ ಅಷ್ಟೆ." ಪೋಪಿ ಕಿಟಕಿಯಾಚೆ ನೋಡಿದಳು. "ನಾನೂ ಕೇಳ್ತೀನಿ. ನಂಗೂ ಹೊಸ ನೆರೆಮನೆಯೋರನ್ನ ಪಳಗಿಸೋ ವಯಸ್ಸಲ್ಲ."

ನೆಡ್ರಾ ನಕ್ಕಳು. ನಗು ನಡುವೆಯೇ ಒಡೆದುಹೋಗಿ, ಅವಳು ಕೆಳತುಟಿ ಕಚ್ಚಿಕೊಂಡಳು.

ರೈಲುಹಳಿಯ ಹತ್ತಿರ ಬಂದಾಗ ಗೇಟು ಇಳಿಯಿತು. ನೆಡ್ರಾ ಇಂಜಿನ್ನು ಆರಿಸಿದಳು. ಕಣಿವೆಯ ಕಡೆಯಿಂದ ಕಲ್ಲಿದ್ದಲಿನ ಗಾಡಿ ಬಂತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯದೇ ಬರುತ್ತಿತ್ತು. ಕಾರಿನ ಗಾಜು ಸಣ್ಣಗೆ ಅದುರಿತು. ಪೋಪಿ ಎರಡೂ ಕೈಯಿಂದ ತಟ್ಟೆಯನ್ನು ಒತ್ತಿ ಹಿಡಿದಳು. ಅವಳ ಕರಿ ತೋಳಿನ ಮೇಲೆ ಸಕ್ಕರೆ ಪುಡಿ ಉದುರಿತ್ತು. ನೆಡ್ರಾ ಬಗ್ಗಿ ಅದನ್ನು ಬೆರಳ ತುದಿಯಿಂದ ಮೆಲ್ಲಗೆ ಕೊಡವಿದಳು. ಪೂರ್ತಿ ಹೋಗಲಿಲ್ಲ, ಮತ್ತೆ ಕೊಡವಿದಳು.

ಕೊನೆಗೆ ಗಾರ್ಡಿನ ಡಬ್ಬಿ ಬಂತು. ಅದರ ಹಿಂದಿನ ಕಟಾಂಜನಕ್ಕೆ ಒರಗಿ ಮುದುಕನೊಬ್ಬ ಬಿಸಿಲು ಕಾಯಿಸಿಕೊಳ್ಳುತ್ತ ನಿಂತಿದ್ದ. ಗೇಟಿನಲ್ಲಿ ಕಾಯುತ್ತಿದ್ದ ಕಾರನ್ನು ಕಂಡು ಅವನು ಕೈ ಎತ್ತಿದ. ಒಳಗಿದ್ದ ಇಬ್ಬರೂ ಒಟ್ಟಿಗೇ ಕೈ ಎತ್ತಿದರು. ಗಾಡಿ ಬೆಟ್ಟದ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಅವರತ್ತಲೇ ನೋಡುತ್ತಿದ್ದ.