ಅವರೇ ಕೇಳಲಿ ಎಂದು

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ಇನ್ನೊಂದು ಹಿಟ್ಟಿನ ಮುದ್ದೆಗೆ ಕೈ ಹಾಕುವಾಗ ಅಡುಗೆಮನೆಯ ಬಾಗಿಲಲ್ಲಿ ನೆರಳು ಅಲ್ಲಾಡಿದಂತಾಗಿ ರಾಜಶ್ರೀ ತಲೆ ಎತ್ತಿದಳು. ಹೆಗಲಿಗೆ ಚೀಲ ಹಾಕಿಕೊಂಡು ಪೂನಮ್ ನಿಂತಿದ್ದಳು.

"ಯವ್ವಾ! ಯಾವಾಗ ಬಂದಿ?"

"ನಾ ಬಂದಮ್ಯಾಲ ನೀ ಮೂರು ರೊಟ್ಟಿ ಬಡಿದಿ ನೋಡು."

"ಅಲ್ಲೀತನಾ ಹಂಗ ನಿಂತೀದಿ? ಅವ್ವಾ ಅಂತ ಒಮ್ಮೆ ಕೂಗಿದ್ರ ಬಾಯಿ ಸವೀತಿತ್ತೇನು?"

"ನೀ ಕೆಲಸದಾಗಿದ್ದಿ."

ಮಗಳ ಮುಖ ನೋಡುತ್ತ ಕುಳಿತವಳಿಗೆ ರೊಟ್ಟಿ ಕರಕಾಗಿದ್ದು ವಾಸನೆಯಿಂದ ತಿಳಿಯಿತು. ಅದನ್ನು ತೆಗೆದು ಎಮ್ಮೆಗೆಂದು ಬದಿಗಿಟ್ಟಳು. ಗಂಡ ಗುರುಸಿದ್ದ ತೀರಿಕೊಂಡ ಮೇಲೆ ಹುನ್ನೂರಿನ ಈ ದೊಡ್ಡ ಮನೆಯಲ್ಲಿ ರಾಜಶ್ರೀಯ ಮಾತಿಗೆ ಜೊತೆಯಾಗಿದ್ದವಳು ಈ ಮಗಳೊಬ್ಬಳೇ. ಅವಳೂ ಮಹಾರಾಷ್ಟ್ರದ ವಿಮಾನ ಶಾಲೆಗೆ ಹೋದಮೇಲೆ ಹಾಲು ಹಿಂಡುವಾಗ ಎಮ್ಮೆಯ ಜೊತೆಗೇ ಮಾತಾಡುವುದು ರೂಢಿಯಾಗಿತ್ತು. ಸಣ್ಣ ವಿಮಾನವನ್ನು ಸ್ವಂತ ಹಾರಿಸುವ ಲೈಸೆನ್ಸು ಕೈಗೆ ಬರಲು ಇನ್ನೊಂದು ಒಂಟಿ ಹಾರಾಟ ಮಾತ್ರ ಬಾಕಿ ಎಂದು ಹೋದ ವಾರವೇ ಫೋನಿನಲ್ಲಿ ಹೇಳಿದ್ದಳು. ಈಗ ನೋಡಿದರೆ ಹೇಳದೆ ಕೇಳದೆ ಬಂದು ನಿಂತಿದ್ದಾಳೆ.

ಅವತ್ತೆಲ್ಲ ರಾಜಶ್ರೀ ಏನೂ ಕೆದಕಲಿಲ್ಲ. ಉಣ್ಣಲು ಬಡಿಸಿದಳು, ತಲೆಗೆ ಎಣ್ಣೆ ಹಚ್ಚಿದಳು. ಮರುದಿನ ಮಧ್ಯಾಹ್ನ ಇಬ್ಬರೂ ಹಿತ್ತಲಲ್ಲಿ ಕುಳಿತು ಶೇಂಗಾ ಸುಲಿಯುವಾಗ ಮಾತು ತಾನಾಗಿಯೇ ಹೊರಬಂತು.

"ಆ ಒಂಟಿ ಹಾರಾಟದಾಗ ನಾ ಪಾಸಾಗಲಿಲ್ಲಬೇ. ಪುಣೆ ಸುತ್ತಮುತ್ತ ಆಕಾಶದಾಗ ಒಂದು ಗಡಿ ಇರತೈತಿ. ಬರೂವು ಹೋಗೂವು ದೊಡ್ಡ ವಿಮಾನ ಭಾಳ. ಕೆಳಗ ವಿಮಾನ ನಿಲ್ದಾಣದ ಟಾವರಿನವರನ್ನ ರೇಡಿಯೋದಾಗ ಕೇಳಿ, ಅವರು ಕ್ಲಿಯರೆನ್ಸ್, ಅಂದ್ರ ಒಪ್ಪಿಗಿ, ಕೊಟ್ಟಮ್ಯಾಲನ ಒಳಗ ಹೋಗಬೇಕು."

"ಕೊಡಲಿಲ್ಲೇನು ಮತ್ತ?"

"ನಾ ಕೇಳಲೇ ಇಲ್ಲ."

ರಾಜಶ್ರೀಯ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು.

"ಎಲ್ಲಾರೂ ಒಂದೇ ಸವನ ಮಾತಾಡಾಕತ್ತಿದ್ರಬೇ. ಒಬ್ಬ ಇಳೀತೇನಂತಾನ, ಇನ್ನೊಬ್ಬ ಏರತೇನಂತಾನ. ಸಂದಿನ ಸಿಗೂದಿಲ್ಲ. ಅಂಥಾವರ ನಡುವ ನಾ ಹೆಂಗ ಬಾಯಿ ಹಾಕ್ಲಿ? ಅವರ ಪರದೆ ಮ್ಯಾಲ ನಾ ಕಾಣತಿರತೇನಲ್ಲ, ಯಾಕ ಹಿಂಗ ತಿರುಗಾಕತ್ತಾಳ ಅಂತ ಅವರ ಕೇಳತಾರ ಅನಕೊಂಡು ಗಡಿ ಹೊರಗ ಸುತ್ತ ಹಾಕಿದೆ. ಹಾಕಿದೆ, ಹಾಕಿದೆ. ಎಣ್ಣಿ ಕಡಿಮಿ ಆಗಾಕತ್ತು, ತಿರುಗಿ ಬಂದೆ."

"ಒಬ್ಬಾಕಿನ ಇದ್ದೆ?"

"ಒಬ್ಬಾಕಿನ. ಕೆಳಗ ಒಂದು ಕೆರಿ ಇತ್ತು. ಅದನ್ನ ಎಷ್ಟು ಸಲ ನೋಡಿದೆನೋ."

ಕಲಿಸುವ ಕ್ಯಾಪ್ಟನ್ನರು ಬೈಯಲಿಲ್ಲವಂತೆ. ಕರೆಯುತ್ತಾರೆಂದು ಕಾಯುವುದನ್ನು ಯಾರು ಕಲಿಸಿದರು ಎಂದಷ್ಟೇ ಕೇಳಿದರಂತೆ. ಸೋಮವಾರ ಇನ್ನೊಂದು ಸಲ ಹಾರಬೇಕು, ಆಗಲೂ ಆಗದಿದ್ದರೆ ಮನೆಗೆ ಹೋಗು ಎಂದರಂತೆ. "ನಾ ಮೊದಲ ಬಂದೆ" ಎಂದು ಪೂನಮ್ ನಕ್ಕಳು. ನಗು ಪೂರ್ತಿಯಾಗಲಿಲ್ಲ.

ಯಾರು ಕಲಿಸಿದರೆಂಬುದು ರಾಜಶ್ರೀಗೆ ಗೊತ್ತಿತ್ತು. ಈ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಏನು ಬೇಕಾದರೂ ಪಡಸಾಲೆಯ ಕಂಬಕ್ಕೆ ಒರಗಿ ನಿಲ್ಲಬೇಕು. ಅವಳ ಮಾವ, ಪೂನಮ್‌ಳ ಮುತ್ಯಾ ಶಿದ್ರಾಮಪ್ಪ ಮಾತಿನ ನಡುವೆ ಯಾವಾಗಲೋ ತಿರುಗಿ "ಏನು?" ಎನ್ನುತ್ತಾನೆ. ಆಗ ಹೇಳಬೇಕು. ಆತ ಕೆಟ್ಟವನಲ್ಲ, ಕೇಳಿದ್ದನ್ನು ಇಲ್ಲವೆಂದವನೂ ಅಲ್ಲ. ಆದರೆ ಆತ ತಿರುಗಬೇಕು. ಪೂನಮ್ ಅಂಗಳದಲ್ಲಿ ಆಡುವ ವಯಸ್ಸಿನವಳಿದ್ದಾಗ ಜಮಖಂಡಿಗೆ ಹೋಗಿ ಶಿಕ್ಷಕಿಯ ತರಬೇತಿ ಮಾಡಬೇಕೆಂದು ರಾಜಶ್ರೀಯೂ ಆ ಕಂಬದ ಹತ್ತಿರ ನಿಂತಿದ್ದಳು. ಮಹಾಲಿಂಗಪುರದಿಂದ ಬೆಲ್ಲದ ವ್ಯಾಪಾರಿಗಳು ಬಂದಿದ್ದರು. ಅವರ ಮಾತು ಮುಗಿಯಲೇ ಇಲ್ಲ. ಒಲೆಯ ಮೇಲೆ ಬೇಳೆ ಉಕ್ಕಿದ ಸದ್ದಾಗಿ ಅವಳು ಒಳಗೆ ಬಂದಳು. ಆಮೇಲೆ ಮತ್ತೆ ಹೋಗಿ ನಿಲ್ಲಲಿಲ್ಲ.

"ಹೆಂಗ ಕೇಳಬೇಕು ಹೇಳು. ನಾ ಟಾವರ್ ಆಗತೇನಿ" ಎಂದಳು ರಾಜಶ್ರೀ.

"ನಿನಗ ಇಂಗ್ಲೀಷ ಎಲ್ಲಿ ಬರತೈತಿ?"

"ಕನ್ನಡದಾಗ ಕೇಳು. ಈ ಟಾವರ್ ಹುನ್ನೂರದ್ದು."

ಪೂನಮ್ ಶೇಂಗಾದ ಬುಟ್ಟಿ ಸರಿಸಿ ನೆಟ್ಟಗೆ ಕುಳಿತಳು. "ಟಾವರ್, ನಾನು ಒಂದು ಸಣ್ಣ ವಿಮಾನ. ನಿಮ್ಮ ಬಡಗಣ ದಿಕ್ಕಿನ್ಯಾಗದೇನಿ. ಒಳಗ ಬರಾಕ ಒಪ್ಪಿಗಿ ಬೇಕು."

"ಬಾ ನನ ಕೂಸ. ಉಂಡೀದಿಲ್ಲೊ?"

"ಟಾವರಿನವರು ಉಂಡೀದೇನು ಅಂತ ಕೇಳಂಗಿಲ್ಲಬೇ!"

"ಮತ್ತ ಏನಂತಾರ?"

"ಭಾಳ ಮಂದಿ ಇದ್ರ ಸ್ಟ್ಯಾಂಡ್‌ಬೈ ಅಂತಾರ. ಅಂದ್ರ ತಡಿ ಅಂತ, ಬಾ ಅಂತಲ್ಲ. ಹೊರಗ ಇರಬೇಕು. ಆಮ್ಯಾಲ ನಮ್ಮ ವಿಮಾನದ ಹೆಸರ ಹಿಡಿದು ಒಪ್ಪಿಗಿ ಕೊಡತಾರ. ಅವರು ಹೇಳಿದ್ದನ್ನ ನಾವು ತಿರುಗಿ ಹೇಳಿ ಒಳಗ ಹೋಗಬೇಕು."

"ಬ್ಯಾಡ ಅಂದ್ರ?"

"ಅಂದ್ರ ಬ್ಯಾರೆ ದಾರಿ ಹಿಡೀಬೇಕು. ಬ್ಯಾಡ ಅಂದ್ರ ಏನಾಗಂಗಿಲ್ಲ. ಕೇಳದಿದ್ರನ ತ್ರಾಸ."

ರಾಜಶ್ರೀ ಮಗಳನ್ನು ಮತ್ತೆ ಮತ್ತೆ ಕೇಳಿಸಿದಳು. ಒಮ್ಮೆ ತಡಿ ಎಂದಳು, ಒಮ್ಮೆ ಬಾ ಎಂದಳು. ಒಮ್ಮೆ ನಳದ ಮುಂದೆ ಕೊಡ ಹಿಡಿದ ಹೆಂಗಸರ ಹಾಗೆ ತಾನೇ ನಾಲ್ಕು ದನಿಯಲ್ಲಿ ಗದ್ದಲ ಮಾಡಿದಳು. ಹುಡುಗಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಆ ಮನೆಯ ಹಿತ್ತಲಲ್ಲಿ ಅಂಥ ನಗು ಕೇಳಿ ಎಷ್ಟು ದಿನವಾಗಿತ್ತೋ. ನಗುತ್ತಲೇ ಇದ್ದ ರಾಜಶ್ರೀಗೆ, ಸೋಮವಾರ ಎಂಬುದು ಬರದೇ ಹೋದರೆ ಎಂಬ ಯೋಚನೆಯೂ ಸುಳಿದು ಹೋಯಿತು.

ಆದರೆ ಶನಿವಾರದ ಹೊತ್ತಿಗೆ ಶಿದ್ರಾಮಪ್ಪ ಬಂದವರೆದುರು "ನಮ್ಮ ಹುಡುಗೀದು ಕಲಿಯೂದು ಮುಗೀತು, ಇನ್ನ ಮನ್ಯಾಗ ಇರತಾಳ" ಎಂದು ಹೇಳತೊಡಗಿದ್ದ. ಹೇಳದೆ ಬಂದವಳು ಮುಗಿಸಿಯೇ ಬಂದಿರಬೇಕೆಂದು ಆತ ತಿಳಿದಿದ್ದ. ಅಲ್ಲವೆಂದು ಯಾರೂ ಹೇಳಲಿಲ್ಲ. ಆತನ ಒಪ್ಪಿಗೆಯಿಲ್ಲದೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಸೋಮವಾರಕ್ಕೆ ಮುಟ್ಟಬೇಕೆಂದರೆ ಭಾನುವಾರ ಮುಂಜಾನೆಯ ಬಸ್ಸು ಹಿಡಿಯಲೇಬೇಕು.

"ನೀ ಕೇಳಬೇ ಮುತ್ಯಾನ್ನ" ಎಂದಳು ಪೂನಮ್ ಸಂಜೆ, ಚಹಾ ಸೋಸುತ್ತ.

"ಅಲ್ಲಿ ಮ್ಯಾಲ ನಾ ಬರತೇನೇನು ಕೇಳಾಕ?"

ಪೂನಮ್ ಚಹಾ ತೆಗೆದುಕೊಂಡು ಹೋದಳು. ಪಡಸಾಲೆಯಲ್ಲಿ ಶಿದ್ರಾಮಪ್ಪನ ಎದುರು ನೆರೆಯ ಹೊಲದ ಬಸಗೊಂಡಪ್ಪ ಕುಳಿತಿದ್ದ. ಚಿಕ್ಕಪಡಸಲಗಿ ಬ್ಯಾರೇಜಿನ ನೀರಿನ ಮಾತು ನಡೆದಿತ್ತು. ಅಲ್ಲಿಂದ ಕಬ್ಬಿಗೆ ಬಂತು, ಕಬ್ಬಿನಿಂದ ಕಾರ್ಖಾನೆಗೆ. ಚಹಾ ಕೊಟ್ಟವಳು ಕಂಬಕ್ಕೆ ಒರಗಿ ನಿಂತಳು. ಶಿದ್ರಾಮಪ್ಪ ತಿರುಗಲಿಲ್ಲ.

ಅಡುಗೆಮನೆಯ ಬಾಗಿಲಿನಿಂದ ರಾಜಶ್ರೀ ನೋಡುತ್ತಿದ್ದಳು. ತಾನೊಮ್ಮೆ ಕೆಮ್ಮಿದರೆ ಮಾವ ಈ ಕಡೆ ನೋಡುತ್ತಾನೆ. ಸುಮ್ಮನಿದ್ದರೆ ಹುಡುಗಿ ಒಳಗೆ ಬರುತ್ತಾಳೆ, ಇವತ್ತೂ ನಾಳೆಯೂ ಇಬ್ಬರಿಗೆ ಹಾಸಿಗೆ ಹಾಸುವುದಿರುತ್ತದೆ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಬಸಗೊಂಡಪ್ಪ ಕಪ್ಪಿನಿಂದ ಬಸಿಗೆ ಇನ್ನಷ್ಟು ಚಹಾ ಸುರುವಿಕೊಂಡ. "ಹೋದ ವರ್ಷದ ಕಥಿ ಕೇಳಿಲ್ಲಿ" ಎಂದು ಮತ್ತೊಂದು ಶುರು ಮಾಡಿದ. ಪೂನಮ್ ಕಂಬದಿಂದ ಬೆನ್ನು ಬಿಡಿಸಿಕೊಂಡು ಅಡುಗೆಮನೆಯತ್ತ ತಿರುಗಿದಳು. ತಾಯಿಯನ್ನು ನೋಡಿದಳು. ಒಂದು ಹೆಜ್ಜೆ ಈಚೆ ಇಟ್ಟಳು.

ರಾಜಶ್ರೀ ಕದವನ್ನು ಮೆಲ್ಲಗೆ ಮುಚ್ಚಿದಳು.

ಒಳಗೆ ಅರೆಗತ್ತಲು. ಒಲೆಯಲ್ಲಿ ಕೆಂಡವಷ್ಟೇ ಇತ್ತು. ಅವಳು ಕದಕ್ಕೆ ಅಂಗೈ ಊರಿ ನಿಂತಳು. ಆಚೆ ಬಸಗೊಂಡಪ್ಪನ ದನಿ ನಡೆದೇ ಇತ್ತು, ಬಸಿಯಿಂದ ಚಹಾ ಹೀರಿದ ಸದ್ದೂ ಕೇಳಿಸಿತು. ಹೆಜ್ಜೆಯ ಸಪ್ಪಳ ಕದದ ತನಕ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಆಮೇಲೆ ಆ ಮಾತಿನ ನಟ್ಟನಡುವೆ, ಬೇಕಾದ್ದಕ್ಕಿಂತ ತುಸು ಜೋರಾಗಿಯೇ, ಹುಡುಗಿಯ ದನಿ ಕೇಳಿಸಿತು.

"ಮುತ್ಯಾ, ನನ್ನ ಕಲಿಯೂದು ಇನ್ನೂ ಮುಗಿದಿಲ್ಲ. ನಾಳೆ ಮುಂಜಾನೆ ಹೋಗಲ್ಯಾ?"